ನಿಮಿಷಕ್ಕೆ ಇಪ್ಪತ್ತನಾಲ್ಕು ಲೀಟರ್

ಅಮ್ಮ ಹೋಗಿ ಎಂಟು ದಿನ ಕಳೆದು ಒಂಬತ್ತನೆಯ ದಿನ ದೊಡ್ಡವಳು ಔಷಧ ಕಾರ್ಖಾನೆಯ ಪ್ರಯೋಗಾಲಯದ ತನ್ನ ಕೆಲಸಕ್ಕೆ ಹೋದಳು. ಸಮಾಧಾನದ ಮಾತು ಹೊಂದಿಸಿಕೊಂಡು ಬಾಗಿಲ ಬಳಿ ಕಾಯುತ್ತಿದ್ದ ಸಹೋದ್ಯೋಗಿಗಳಿಗೆ ಅದನ್ನು ಖರ್ಚು ಮಾಡುವ ಅವಕಾಶವನ್ನೇ ಕೊಡಲಿಲ್ಲ. ಬಿಳಿ ಕೋಟು ಹಾಕಿಕೊಂಡಳು, ಕೈ ತೊಳೆದಳು, ಕಪಾಟಿನಿಂದ ತಟ್ಟೆಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಹಲ್ಲು ಕೀಳುವ ಮೊದಲು ದವಡೆಗೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ಮುಟ್ಟಿ ನೋಡಿದರೆ ದವಡೆ ತನ್ನದೇ ಎಂದು ಗೊತ್ತಾಗುತ್ತದೆ, ಆದರೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ಎಂಟು ದಿನದಿಂದ ಅವಳ ಇಡೀ ಮೈ ಹಾಗಿತ್ತು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮನೆಯಲ್ಲೂ ಅತ್ತಿರಲಿಲ್ಲ. ಅಳು ಬರುತ್ತಿಲ್ಲವಲ್ಲ ಎಂಬ ಬೇಸರ ಕೂಡ ಬಂದಿರಲಿಲ್ಲ.

ಅವಳ ಮೇಜಿನ ಮೇಲಿದ್ದ ಉಪಕರಣದ ಹೆಸರು ಇಂಪ್ಯಾಕ್ಟರ್. ಹೆಸರು ಕೇಳಿ ಯಾರೂ ಬೆಚ್ಚಬೇಕಾಗಿಲ್ಲ. ಅದೇ ಹೆಸರಿನ ದಾಯಾದಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಒಂದು ಸೇತುವೆಯ ಕಂಬವನ್ನು ನೆಲಕ್ಕೆ ಬಡಿದು ಇಳಿಸುತ್ತದೆ, ಇನ್ನೊಂದು ಉಕ್ಕಿನ ತುಂಡಿಗೆ ಸುತ್ತಿಗೆ ಬೀಸಿ ಅದರ ಗಟ್ಟಿತನ ನೋಡುತ್ತದೆ, ಮತ್ತೊಂದು ಆಕಾಶಕ್ಕೆ ಹೋಗಿ ಅಲ್ಲಿ ಸುಮ್ಮನೆ ತನ್ನ ಪಾಡಿಗೆ ಸುತ್ತುತ್ತಿರುವ ಬಂಡೆಗೆ ಡಿಕ್ಕಿ ಹೊಡೆಯುತ್ತದೆ. ಇವಳದ್ದು ಆ ಕುಲದಲ್ಲೇ ಸಾಧು. ನೋಡುವುದಕ್ಕೆ ಒಂದರ ಮೇಲೊಂದು ಕೂರಿಸಿದ ಊಟದ ಡಬ್ಬಿ. ಒಳಗೆ ಎಂಟು ತಟ್ಟೆ, ಪ್ರತಿ ತಟ್ಟೆಯ ಮೇಲೆ ಸಣ್ಣ ಸಣ್ಣ ತೂತುಗಳ ಮುಚ್ಚಳ, ಕೆಳಗಿಳಿದಂತೆ ತೂತು ಇನ್ನೂ ಸಣ್ಣದು. ಎಲ್ಲಕ್ಕಿಂತ ಮೇಲೆ ಮೊಣಕೈ ಹಾಗೆ ಬಾಗಿದ ಲೋಹದ ಕೊಳವೆ. ಅದನ್ನು ಅಲ್ಲಿ ಎಲ್ಲರೂ ಗಂಟಲು ಎನ್ನುತ್ತಿದ್ದರು. ಗಂಟಲಿನ ಬಾಯಿಗೆ ಇನ್ಹೇಲರ್ ಸಿಕ್ಕಿಸಿ ತಳದ ಪಂಪು ಚಾಲೂ ಮಾಡಿದರೆ ಅದು ಮನುಷ್ಯರ ಹಾಗೆ ಉಸಿರೆಳೆಯುತ್ತದೆ. ಗಾಳಿಯ ಜೊತೆ ನುಗ್ಗಿದ ಔಷಧದ ಪುಡಿಯಲ್ಲಿ ದಪ್ಪ ಕಣಗಳು ತಿರುವಿನಲ್ಲಿ ತಿರುಗಲಾರದೆ ಮೇಲಿನ ತಟ್ಟೆಗಳಿಗೇ ಡಿಕ್ಕಿ ಹೊಡೆದು ಅಂಟಿಕೊಳ್ಳುತ್ತವೆ, ನಯವಾದವು ಜಾರಿಕೊಂಡು ಕೆಳಕೆಳಗೆ ಹೋಗುತ್ತವೆ. ಗಂಟಲಲ್ಲಿ ನಿಂತದ್ದು ಹೊಟ್ಟೆಗೆ ಹೋಗುವ ಔಷಧ, ದಂಡ. ಕೆಳಗಿನ ತಟ್ಟೆಗಳಿಗೆ ತಲುಪಿದ್ದು ಮಾತ್ರ ಎದೆಗೂಡಿನದು. ಹದಿನಾಲ್ಕು ವರ್ಷದಿಂದ ಅವಳು ಮಾಡುತ್ತಿದ್ದದ್ದು ಇಷ್ಟೇ: ಪ್ರತಿ ತಟ್ಟೆಯನ್ನೂ ದ್ರಾವಕದಲ್ಲಿ ತೊಳೆದು, ಯಾವುದರಲ್ಲಿ ಎಷ್ಟು ಸಿಕ್ಕಿತು ಎಂದು ಅಳೆದು ಬರೆಯುವುದು.

ಅಮ್ಮನಿಗೆ ಇದನ್ನೆಲ್ಲ ಎಷ್ಟೋ ಸಲ ಬಿಡಿಸಿ ಹೇಳಿದ್ದಳು. ಅಮ್ಮ ತಲೆಯಾಡಿಸುತ್ತಿದ್ದಳು. ಆಮೇಲೆ ಒಂದು ದಿನ ಪೇಪರಿನಲ್ಲಿ, ವಿಜ್ಞಾನಿಗಳು ಆಕಾಶದ ಬಂಡೆಗೆ ಇಂಪ್ಯಾಕ್ಟರ್ ಹೊಡೆಸಿದರು ಎಂಬ ಸುದ್ದಿ ಬಂತು. ಅಮ್ಮ ಅದನ್ನು ಕತ್ತರಿಸಿ ಇಟ್ಟುಕೊಂಡಳು. ಅಂದಿನಿಂದ ಅಕ್ಕಪಕ್ಕದವರಿಗೆಲ್ಲ, ದೊಡ್ಡವಳ ಕೆಲಸ ಆಕಾಶಕ್ಕೆ ಸಂಬಂಧಪಟ್ಟದ್ದು ಎಂದೇ ಸಾರಿದಳು. ಹಾಗಲ್ಲಮ್ಮ, ಇದು ಪುಡಿ ಅಳೆಯುವ ಡಬ್ಬಿ ಎಂದರೆ, ಇರಲಿ ಬಿಡೆ, ಅವರೇನು ಬಂದು ನೋಡುತ್ತಾರಾ ಎಂದು ನಗುತ್ತಿದ್ದಳು. ನಗುವಾಗ ಕೆಮ್ಮು ಬರುತ್ತಿತ್ತು. ಎದೆಯ ಕಾಯಿಲೆ ಹತ್ತು ವರ್ಷದ್ದು.

ಎಂಟು ತಿಂಗಳ ಹಿಂದೆ ಆ ಕಾಯಿಲೆಗೆ ದೊಡ್ಡವಳು ಕೈ ಹಾಕಿದ್ದಳು. ಅಮ್ಮ ಹಳೆಯ ಕಾಲದ ಸ್ಪ್ರೇ ಬಳಸುತ್ತಿದ್ದಳು. ಅದನ್ನು ಬಾಟಲಿಯಂಥ ದೊಡ್ಡ ಪ್ಲಾಸ್ಟಿಕ್ ಕೊಳವೆಯೊಂದಕ್ಕೆ ಸಿಕ್ಕಿಸಿ, ಕೊಳವೆಯ ಇನ್ನೊಂದು ತುದಿಗೆ ಬಾಯಿಟ್ಟು ನಿಧಾನವಾಗಿ ಎಳೆಯಬೇಕು. ಇವಳಿಗೆ ಅದು ಕಣ್ಣಿಗೆ ಬೀಳಬಾರದಷ್ಟು ಅಸಹ್ಯವಾಗಿತ್ತು. ತನ್ನ ಕಾರ್ಖಾನೆಯ ಹೊಸ ಪುಡಿಯ ಇನ್ಹೇಲರ್ ಇವಳೇ ಪರೀಕ್ಷೆ ಮಾಡಿದ್ದು, ಕೆಳಗಿನ ತಟ್ಟೆಗಳಲ್ಲಿ ಅಷ್ಟು ಔಷಧ ಇಳಿದದ್ದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಅಂಗೈಯಷ್ಟು ಗುಂಡನೆಯ ಡಬ್ಬಿ, ಪಕ್ಕದ ಕಡ್ಡಿ ಒತ್ತಿದರೆ ಟಕ್ ಎಂದು ಒಂದು ಡೋಸ್ ತೆರೆದುಕೊಳ್ಳುತ್ತದೆ, ಬಾಯಿಟ್ಟು ಜೋರಾಗಿ ಎಳೆದರೆ ಮುಗಿಯಿತು. ಎಷ್ಟು ಡೋಸ್ ಉಳಿದಿದೆ ಎಂದು ಸಣ್ಣ ಕಿಟಕಿಯಲ್ಲಿ ಅಂಕಿ ಕಾಣುತ್ತದೆ. ಡಾಕ್ಟರ ಹತ್ತಿರ ತಾನೇ ಹೋಗಿ ಚೀಟಿ ಬದಲಾಯಿಸಿ ಬರೆಸಿಕೊಂಡು ಬಂದಳು. ಅಮ್ಮನ ಜೊತೆಗಿದ್ದ ತಂಗಿ, ಅಮ್ಮನಿಗೆ ಹಳೆಯದೇ ಅಭ್ಯಾಸವಾಗಿದೆಯಲ್ಲಕ್ಕ ಎಂದು ಒಂದು ಸಲ ಅಂದಳು. ದೊಡ್ಡವಳು ಊಟದ ಮೇಜಿನ ಮೇಲೆ ಎಂಟು ತಟ್ಟೆಯ ಚಿತ್ರ ಬರೆದು ಮುಕ್ಕಾಲು ಗಂಟೆ ಪಾಠ ಮಾಡಿದಳು. ತಂಗಿ ಮತ್ತೆ ತುಟಿ ಪಿಟಕ್ಕೆನ್ನಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ದೊಡ್ಡವಳು ಅಮ್ಮನ ಮನೆಗೆ ಹೋದಾಗ ಚಪ್ಪಲಿ ಬಿಟ್ಟವಳೇ ನೇರ ಕಿಟಕಿಯ ಬಳಿಯಿದ್ದ ಡಬ್ಬಿ ಎತ್ತಿಕೊಳ್ಳುತ್ತಿದ್ದಳು. ದಿನಕ್ಕೆ ಎರಡು, ವಾರಕ್ಕೆ ಹದಿನಾಲ್ಕು. ಅಂಕಿ ಹದಿನಾಲ್ಕೇ ಇಳಿದಿರುತ್ತಿತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಜಾಣೆ ಅಮ್ಮ ಎಂದು ಬೆನ್ನು ತಟ್ಟುತ್ತಿದ್ದಳು. ಅಮ್ಮ ಶಾಲೆಯಲ್ಲಿ ಬಹುಮಾನ ಬಂದವಳ ಹಾಗೆ ಕೂತಿರುತ್ತಿದ್ದಳು.

ಹೋದ ತಿಂಗಳ ಕೊನೆಯಲ್ಲಿ ಜ್ವರ ಬಂತು, ಜ್ವರ ಎದೆಗಿಳಿಯಿತು, ನಾಲ್ಕು ದಿನ ಆಸ್ಪತ್ರೆ. ಐದನೆಯ ದಿನ ಅಮ್ಮ ಇರಲಿಲ್ಲ.

ಅಮ್ಮನ ಔಷಧದ ಚೀಲ ತೆರೆದದ್ದು ಏಳನೆಯ ದಿನ. ಆ ಆಕಾಶದ ಬಂಡೆಯ ಪೇಪರ್ ತುಂಡು ಅದರಲ್ಲಿತ್ತು. ಮಡಿಕೆಯೊಳಗೆ ಆಸ್ಪತ್ರೆಯ ಒಂದು ಚೀಟಿ. ತಾರೀಖು ನೋಡಿದರೆ ಹೊಸ ಇನ್ಹೇಲರ್ ಶುರುವಾಗಿ ಎರಡು ವಾರಕ್ಕೆ ಬರೆದದ್ದು. ಉಸಿರಾಟದ ವ್ಯಾಯಾಮ ಹೇಳಿಕೊಡುವಾಕೆ ಅಮ್ಮನಿಂದ ಒಂದು ಕೊಳವೆಯಲ್ಲಿ ಉಸಿರು ಎಳೆಸಿ ಅಳೆದಿದ್ದಳು. ಚೀಟಿಯಲ್ಲಿ ಒಂದೇ ಸಾಲು: ಉಸಿರೆಳೆತ, ನಿಮಿಷಕ್ಕೆ ಇಪ್ಪತ್ತನಾಲ್ಕು ಲೀಟರ್.

ಬೇರೆ ಯಾರೇ ಓದಿದ್ದರೂ ಅದು ಒಂದು ಅಂಕಿ. ದೊಡ್ಡವಳಿಗೆ ಹಾಗಲ್ಲ. ಅವಳ ಪಂಪು ಹದಿನಾಲ್ಕು ವರ್ಷದಿಂದ ನಿಮಿಷಕ್ಕೆ ಅರವತ್ತು ಲೀಟರಿನಂತೆ ಎಳೆಯುತ್ತಿತ್ತು. ಅದು ದಣಿಯುವುದಿಲ್ಲ, ಕೆಮ್ಮುವುದಿಲ್ಲ, ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುವುದಿಲ್ಲ. ಆ ರಭಸಕ್ಕೆ ಪುಡಿ ಚೆನ್ನಾಗಿ ಉದುರಿ, ನಯವಾಗಿ, ತಳದವರೆಗೆ ಇಳಿಯುತ್ತಿತ್ತು. ಇಪ್ಪತ್ತನಾಲ್ಕಕ್ಕೆ ಪುಡಿ ಮುದ್ದೆಯಾಗಿಯೇ ಹೊರಟು ಗಂಟಲಿಗೆ ಬಡಿದು ಅಲ್ಲೇ ಕೂರುತ್ತದೆ. ಹಳೆಯ ಸ್ಪ್ರೇಗಾದರೆ ಆ ಉಸಿರು ಧಾರಾಳವಾಗಿ ಸಾಕಿತ್ತು, ಅದು ತಾನೇ ಚಿಮ್ಮುತ್ತದೆ. ಹಾಗಾದರೆ ಎಂಟು ತಿಂಗಳು ಅಮ್ಮನ ಎದೆಗೆ ಏನೂ ಹೋಗಿಲ್ಲ. ಅದನ್ನು ತಪ್ಪಿಸಿದ್ದು ತಾನು. ಚೀಟಿ ಮಡಚಿ ಜೇಬಿಗಿಟ್ಟುಕೊಂಡಳು. ತಂಗಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನನ್ನಿಂದಲೇ ಹೀಗಾಯಿತಾ ಎಂದು ಅವಳನ್ನು ಕೇಳಲಿಲ್ಲ. ಕೇಳಿದರೆ ಅವಳು ಹೌದು ಎಂದುಬಿಟ್ಟಾಳು, ಇಲ್ಲವೇ ಸಮಾಧಾನಕ್ಕೆ ಇಲ್ಲ ಎಂದಾಳು. ಎರಡೂ ಬೇಡವಾಗಿತ್ತು. ಅವಳಿಗೆ ನಂಬಿಕೆಯಿದ್ದದ್ದು ತಟ್ಟೆಗಳ ಮೇಲೆ. ಕಿಟಕಿಯ ಬಳಿ ಅಮ್ಮನ ಕೊನೆಯ ಇನ್ಹೇಲರ್ ಹಾಗೆಯೇ ಇತ್ತು, ಅಂಕಿ ಆರು. ಅದನ್ನೂ ಜೇಬಿಗಿಟ್ಟುಕೊಂಡಳು.

ಅದಕ್ಕೇ ಒಂಬತ್ತನೆಯ ದಿನ ಅವಳು ಕೆಲಸಕ್ಕೆ ಬಂದದ್ದು.

ಪಂಪು ನೋಡಿಕೊಳ್ಳುವ ಮೆಕ್ಯಾನಿಕ್ಕು ಹಳಬ. ಇಪ್ಪತ್ತನಾಲ್ಕಕ್ಕೆ ಇಳಿಸಿಕೊಡಿ ಎಂದಾಗ, ಇದಕ್ಕೇನು ಜ್ವರ ಬಂದಿದೆಯಾ ಎಂದು ತಮಾಷೆ ಮಾಡಹೊರಟವನು ಅವಳ ಮುಖ ನೋಡಿ ಮಾತು ನುಂಗಿಕೊಂಡು ಕವಾಟ ತಿರುಗಿಸಿದ. ಗಾಳಿಯಳತೆಯ ಮುಳ್ಳು ಇಳಿದು ಇಳಿದು ನಿಂತಿತು. ಪಂಪಿನ ಸದ್ದು ಎಷ್ಟು ಸಣ್ಣಗಾಯಿತೆಂದರೆ ಗೋಡೆ ಗಡಿಯಾರದ ಸದ್ದು ಕೇಳತೊಡಗಿತು.

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರು ಬಂದರು. ಅವರಿಗೆ ದಶಮಾಂಶ ಎಂದು ಅಡ್ಡಹೆಸರು. ತಮ್ಮ ವಯಸ್ಸು ಕೇಳಿದರೂ ಬಿಂದುವಿನಾಚೆ ಎರಡು ಅಂಕಿ ಹೇಳುವ ಆಸಾಮಿ. ಹಾಳೆಯಲ್ಲಿ ಇಲ್ಲದ ಪರೀಕ್ಷೆ ಅವರ ಕೋಣೆಯಲ್ಲಿ ನಡೆಯುವುದೆಂದರೆ ಸಣ್ಣ ಮಾತಲ್ಲ. ಹುಬ್ಬು ಗಂಟಿಕ್ಕಿಕೊಂಡು, ಇದು ಯಾವ ಬ್ಯಾಚಿನದು ಎಂದು ಕೇಳಿದರು. ನಮ್ಮಮ್ಮನದು ಎಂದಳು. ಚೀಟಿ ತೋರಿಸಿದಳು. ಅವರು ಕನ್ನಡಕ ಏರಿಸಿ ಓದಿದರು, ಇನ್ನೊಮ್ಮೆ ಓದಿದರು.

"ಮೂವತ್ತರ ಕೆಳಗೆ ಹೋದ್ರೆ ತಟ್ಟೆಗಳ ಅಂಕಿ ನಂಬೋ ಹಾಗಿಲ್ಲ. ನಿಮಗೆ ಗೊತ್ತಿರೋದೇ."

"ಗಂಟಲಿನ ಅಂಕಿ ಸಾಕು ಸರ್."

ಬೈಯುತ್ತಾರೆಂದು ಮೆಕ್ಯಾನಿಕ್ಕು ಕಾದ. ದಶಮಾಂಶ ಸ್ಟೂಲು ಎಳೆದುಕೊಂಡು ಕೂತು ಸೆಕೆಂಡು ಎಣಿಸುವ ಗಡಿಯಾರ ಕೈಗೆ ತೆಗೆದುಕೊಂಡರು.

ಒಂದು ಪರೀಕ್ಷೆಗೆ ನಾಲ್ಕು ಲೀಟರ್ ಗಾಳಿ ಎಳೆಯಬೇಕು. ಅರವತ್ತರಲ್ಲಾದರೆ ನಾಲ್ಕು ಸೆಕೆಂಡು, ಇಪ್ಪತ್ತನಾಲ್ಕರಲ್ಲಿ ಹತ್ತು. ಅವಳು ಕಡ್ಡಿ ಒತ್ತಿದಳು, ಟಕ್ ಎಂದಿತು. ಇನ್ಹೇಲರನ್ನು ಗಂಟಲಿಗೆ ಸಿಕ್ಕಿಸಿದಳು, ಪಂಪು ಎಳೆಯಿತು. ಹತ್ತು ಸೆಕೆಂಡು ಎಷ್ಟು ಉದ್ದವಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ನಾಲ್ಕು ಡೋಸ್ ಹಾಗೆ ಎಳೆಸಿದಳು. ಅಂಕಿ ಎರಡಕ್ಕೆ ಇಳಿಯಿತು. ಆಮೇಲೆ ಇಂಪ್ಯಾಕ್ಟರ್ ಬಿಚ್ಚಿ ಒಂದೊಂದೇ ತಟ್ಟೆ ತೊಳೆದಳು.

ಅಳೆಯುವ ಯಂತ್ರ ಮಧ್ಯಾಹ್ನ ಮೂರರ ಹೊತ್ತಿಗೆ ಹಾಳೆ ಕೊಟ್ಟಿತು. ಹತ್ತರಲ್ಲಿ ಒಂಬತ್ತು ಪಾಲು ಗಂಟಲಲ್ಲಿ. ಕೆಳಗಿನ ತಟ್ಟೆಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅವಳು ಊಹಿಸಿದ್ದೇ ಬಂದಿತ್ತು. ಊಹೆ ಸರಿಯಾಗಿದ್ದಕ್ಕೆ ಹದಿನಾಲ್ಕು ವರ್ಷದ ಅಭ್ಯಾಸಬಲದಿಂದ ಒಂದು ಕ್ಷಣ ತೃಪ್ತಿಯಾಯಿತು, ಅದೂ ನಿಜ. ಆಮೇಲೆ ಪುಸ್ತಕದಲ್ಲಿ ಬರೆದಳು. ಮಾದರಿ ಎಂಬ ಕಡೆ ಅಮ್ಮ ಎಂದು ಬರೆದು, ಕೆಳಗೆ ಗಂಟಲಿನ ಅಂಕಿ. ಇಷ್ಟು ಬರೆದರೆ ತಾನು ಅಮ್ಮನನ್ನು ಕೊಂದದ್ದು ದಾಖಲಾಯಿತು, ಇನ್ನು ಅಳು ಬರಬಹುದು ಎಂದು ಕಾದಳು. ಬರಲಿಲ್ಲ. ಎದೆ ಮರದ ಹಲಗೆಯ ಹಾಗೇ ಇತ್ತು.

ದಶಮಾಂಶ ಹಾಳೆ ಹಿಡಿದುಕೊಂಡೇ ಇದ್ದರು. ಪಾಲು ನೋಡುವುದು ಎಲ್ಲರ ಕೆಲಸ, ಕೂಡಿಸಿ ನೋಡುವುದು ಅವರ ಚಟ. ಗಂಟಲು, ಎಂಟು ತಟ್ಟೆ, ಕೊನೆಯ ಸೋಸುಕಾಗದ, ಎಲ್ಲದರಲ್ಲಿ ಸಿಕ್ಕಿದ್ದು ಸೇರಿಸಿದರೆ ಹಾಕಿದ ಔಷಧಕ್ಕೆ ಸಮ ಬರಬೇಕು. ಕಡಿಮೆ ಬಂದರೆ ಎಲ್ಲೋ ಚೆಲ್ಲಿದೆ ಎಂದರ್ಥ. ಹೆಚ್ಚು ಬರುವ ಹಾಗೇ ಇಲ್ಲ.

"ನಾಲ್ಕು ಡೋಸ್ ಎಳೆಸಿದ್ರಿ," ಎಂದರು. "ಹನ್ನೊಂದು ಡೋಸಿನಷ್ಟು ಔಷಧ ಬಂದಿದೆ. ಉಳಿದ ಏಳು ಎಲ್ಲಿಂದ ಬಂತು?"

ತೊಳೆದದ್ದರಲ್ಲಿ ತಪ್ಪಾಗಿರಬೇಕು ಎಂದುಕೊಂಡಳು. ಆದರೆ ತಟ್ಟೆ ತೊಳೆಯುವುದರಲ್ಲಿ ತಾನು ತಪ್ಪುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಬೇರೆ ಎಲ್ಲದರಲ್ಲೂ ತಪ್ಪಿದ್ದರೂ. ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು ಅಮ್ಮನ ಇನ್ಹೇಲರಿನ ಮುಚ್ಚಳ ಮೀಟಿದಳು.

ಗಿರಾಕಿಗಳು ದೂರು ಬರೆದು ವಾಪಸು ಕಳಿಸಿದ ಇನ್ಹೇಲರುಗಳನ್ನು ಅವಳು ನೂರಾರು ಬಿಚ್ಚಿದ್ದಳು. ಬಳಸಿದ್ದೆಂದರೆ ಒಳಗೆ ಹೇಗಿರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಬಾಯಿಟ್ಟ ಕಡೆ ಎಂಜಲಿನ ಕಲೆ ಇರುತ್ತದೆ. ಜನ ಎಳೆಯುವ ಮೊದಲು ಒಂದಿಷ್ಟು ಊದಿಯೇ ಊದುತ್ತಾರೆ, ಆ ಉಸಿರಿನ ತೇವಕ್ಕೆ ಪುಡಿ ಮೂಲೆಗಳಲ್ಲಿ ಗಟ್ಟಿಯಾಗಿ ಹಳದಿ ಹಕ್ಕಳೆ ಕಟ್ಟಿರುತ್ತದೆ. ಇದರಲ್ಲಿ ಹಾಗೇನೂ ಇರಲಿಲ್ಲ. ಬಾಯಿಡುವ ಜಾಗ ಅಂಗಡಿಯಿಂದ ತಂದಷ್ಟು ಚೊಕ್ಕಟ. ಒಳಗಿನ ಸಂದಿಗಳಲ್ಲೆಲ್ಲ ಪುಡಿ ತುಂಬಿತ್ತು, ಬೆಳ್ಳಗೆ, ಒಣಗಿದ ಹಿಟ್ಟಿನ ಹಾಗೆ, ಬೆರಳು ತಾಗಿಸಿದರೆ ಉದುರುವಂತೆ. ಡೋಸ್ ಮೇಲೆ ಡೋಸ್ ತೆರೆದುಕೊಂಡು, ಯಾರೂ ಎಳೆಯದೆ, ಬಿದ್ದಲ್ಲೇ ಬಿದ್ದ ಪುಡಿ. ಹೆಚ್ಚಿನದು ಅಲುಗಾಡಿಸಿದಾಗ ಹೊರಗೆ ಚೆಲ್ಲಿಹೋಗಿರಬೇಕು. ಅಂಟಿ ಉಳಿದದ್ದರಲ್ಲಿ ಒಂದಿಷ್ಟನ್ನು ಇವತ್ತು ಪಂಪು ಎಳೆದುಕೊಂಡಿತ್ತು.

ಅವಳು ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡಿದಳು. ಈ ಇನ್ಹೇಲರಿಗೆ ಮನುಷ್ಯರ ಉಸಿರು ಒಂದು ಸಲವೂ ತಾಗಿರಲಿಲ್ಲ. ದಶಮಾಂಶರಿಗೂ ಕಂಡಿತು. ಅವರು ಏನೂ ಕೇಳದೆ, ನೀವು ಮನೆಗೆ ಹೋಗಿ ಎಂದರು.

ಹೋದಾಗ ತಂಗಿ ಮಂಚದ ಮೇಲೆ ಅಮ್ಮನ ಬಟ್ಟೆಗಳನ್ನು ಮಡಚಿಡುತ್ತಿದ್ದಳು. ಸಂಜೆ ಬಿಸಿಲು ಕಿಟಕಿಯಿಂದ ನೆಲದ ಮೇಲೆ ಬಿದ್ದಿತ್ತು. ದೊಡ್ಡವಳು ಚಪ್ಪಲಿ ಬಿಟ್ಟು, ಬಿಚ್ಚಿದ ಇನ್ಹೇಲರನ್ನು ಬಟ್ಟೆಗಳ ಪಕ್ಕದಲ್ಲಿಟ್ಟಳು. ತಂಗಿ ಅದನ್ನು ನೋಡಿದಳು, ಅಕ್ಕನನ್ನು ನೋಡಿದಳು, ಕೈಯಲ್ಲಿದ್ದ ಸೀರೆ ಕೆಳಗಿಟ್ಟಳು. ಸಿಕ್ಕಿಬಿದ್ದ ಕಳ್ಳಿಯ ಮುಖ ಮಾಡಿಕೊಂಡಳು. ಆಮೇಲೆ ಎದ್ದು ಹೋಗಿ ಹೊಲಿಗೆಯ ಡಬ್ಬಿಯ ತಳದಿಂದ ಹಳೆಯ ಸ್ಪ್ರೇ, ಕಪಾಟಿನ ಹಿಂದಿನಿಂದ ಆ ಪ್ಲಾಸ್ಟಿಕ್ ಕೊಳವೆ, ಎರಡನ್ನೂ ತಂದಿಟ್ಟಳು.

ಉಸಿರು ಅಳೆದಾಕೆ ಅಂದೇ ಹೇಳಿದ್ದಳಂತೆ, ಈ ಪುಡಿ ನಿಮ್ಮಿಂದ ಎಳೆಯಲಾಗದು, ಹಳೆಯದಕ್ಕೇ ಹೋಗಿ ಎಂದು. ಅಮ್ಮ ಅಂದೇ ಹಳೆಯದಕ್ಕೆ ಹೋದಳು. ಒಂದು ಹೊತ್ತೂ ತಪ್ಪಿಸಲಿಲ್ಲ. ತಂಗಿಯೇ ತಿಂಗಳು ತಿಂಗಳು ಔಷಧದಂಗಡಿಯಿಂದ ತಂದುಕೊಡುತ್ತಿದ್ದಳು. ಹೊಸದು ಕಿಟಕಿಯ ಬಳಿ ಅಕ್ಕನಿಗಾಗಿ ಇರುತ್ತಿತ್ತು.

"ಶನಿವಾರ ಸಂಜೆ ಇಲ್ಲೇ ಕೂತ್ಕೊಂಡು ಟಕ್ ಟಕ್ ಅಂತ ಹದಿನಾಲ್ಕು ಸಲ ಒತ್ತೋಳು," ಎಂದಳು ತಂಗಿ. "ಬಾಯಲ್ಲಿ ಎಣಿಸ್ಕೊಂಡು. ಒಂದ್ಸಲ ನಾನು ಮಾತಾಡ್ಸಿ ಲೆಕ್ಕ ತಪ್ಪಿಸ್ದೆ ಅಂತ ನನ್ಗೆ ಬೈದ್ಲು. ಆಮೇಲೆ ಬಚ್ಚಲಿಗೆ ತಗೊಂಡೋಗಿ ಪುಡಿ ಕೊಡವ್ಕೊಂಡು ಬರೋಳು."

"ನಂಗೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳ್ತೀನಿ ಅಂದೆ. ಬೇಡ ಅಂದ್ಲು. ಪಾಪ, ಬಂದ ತಕ್ಷಣ ಅದನ್ನ ಎತ್ಕೊಂಡು ಎಷ್ಟು ಖುಷಿಯಾಗಿ ನೋಡ್ತಾಳೆ, ಅವಳ ಕೈಯಲ್ಲಾದ ಕೆಲಸ ಅದು, ನೋಡ್ಕೊಂಡು ಹೋಗ್ಲಿ ಬಿಡು ಅಂದ್ಲು."

ಹಾಗಾದರೆ ಔಷಧ ಅಮ್ಮನ ಎದೆಗೆ ತಲುಪಿತ್ತು. ಮೊದಲ ಎರಡು ವಾರ ಬಿಟ್ಟರೆ ಎರಡು ಹೊತ್ತೂ, ಎಂಟು ತಿಂಗಳೂ. ಜ್ವರ ಬಂದದ್ದು ಜ್ವರವಾಗಿ, ಅಮ್ಮ ಹೋದದ್ದು ಅದರಿಂದ. ಎರಡು ದಿನದಿಂದ ಜೇಬಿನಲ್ಲಿ ಹೊತ್ತು ತಿರುಗಿದ ಕೊಲೆ ಅವಳದ್ದಲ್ಲ. ದೊಡ್ಡವಳು ಮಂಚದ ತುದಿಯಲ್ಲಿ ಕೂತು, ಹಗುರಾಗಬೇಕಲ್ಲ ಎಂದು ನೋಡಿಕೊಂಡಳು. ಹಗುರಾಗಲಿಲ್ಲ. ಭಾರವೂ ಆಗಲಿಲ್ಲ. ಮೂವತ್ತಕ್ಕಿಂತ ಹೆಚ್ಚು ಭಾನುವಾರ ತಾನು ಇದೇ ಕೋಣೆಗೆ ಬಂದಿದ್ದೆ, ಇದೇ ಕಿಟಕಿಯ ಬಳಿ ನಿಂತಿದ್ದೆ ಎಂದು ಲೆಕ್ಕ ಹಾಕಿದಳು.

"ಅಮ್ಮಂಗೆ ಸಿಕ್ಕಿಬೀಳ್ತೀನಿ ಅಂತ ಭಯ ಇರ್ಲಿಲ್ವಾ?"

ತಂಗಿ ಸೀರೆಯ ಅಂಚು ನೇರ ಮಾಡಿದಳು.

"ಮೊದಮೊದಲು ಇತ್ತು. ಎಲ್ಲಿ ನನ್ನೆದುರಿಗೆ ಒಂದ್ಸಲ ಎಳೆದು ತೋರ್ಸಮ್ಮ ಅಂತಾಳೋ ಅಂತ. ನೀನು ಬರೋ ದಿನ ಬೆಳಿಗ್ಗೆಯಿಂದ್ಲೇ ಕಸಿವಿಸಿ ಮಾಡ್ಕೊಳ್ಳೋಳು. ಒಂದೆರಡು ತಿಂಗಳಾದ್ಮೇಲೆ, ಅವಳು ಕೇಳಲ್ಲ ಬಿಡೆ ಅಂದ್ಲು. ಆಮೇಲೆ ಭಯ ಹೋಯ್ತು."

ಹೊರಗೆ ಯಾರದೋ ಮನೆಯ ಗೇಟು ಕಿರ್ರೆಂದಿತು. ಎಳೆದು ತೋರಿಸಮ್ಮ ಎಂದು ದೊಡ್ಡವಳು ಕೇಳಿರಲಿಲ್ಲ. ಒಂದು ಸಲವೂ ಕೇಳಿರಲಿಲ್ಲ. ಜಗತ್ತಿನ ಪುಡಿಯೆಲ್ಲ ಯಾವ ತಟ್ಟೆಯಲ್ಲಿ ಎಷ್ಟು ನಿಂತಿತೆಂದು ಅಳೆದವಳು, ಡಬ್ಬಿಯ ಅಂಕಿ ಓದಿ ಬೆನ್ನು ತಟ್ಟಿ ಕಾಫಿ ಕುಡಿದು ಹೋಗುತ್ತಿದ್ದಳು. ಅಮ್ಮ ಉಸಿರೆಳೆಯುವುದನ್ನು ಕೂತು ನೋಡಿದ್ದು ಕೊನೆಗೆ ಯಾವಾಗ ಎಂದು ನೆನಪು ಮಾಡಿಕೊಂಡಳು. ಆಸ್ಪತ್ರೆಯಲ್ಲಿ ಕೂಡ ನೋಡುತ್ತಿದ್ದದ್ದು ತಲೆಯ ಬಳಿಯಿದ್ದ ಪರದೆಯ ಅಂಕಿಗಳನ್ನು. ಯಂತ್ರ ತಪ್ಪು ಮಾಡಿರಲಿಲ್ಲ, ಪುಡಿ ತಪ್ಪು ಮಾಡಿರಲಿಲ್ಲ. ಅಮ್ಮ ತನ್ನ ಜಾಣತನದಿಂದ ಬದುಕಿಕೊಂಡಿದ್ದಳು, ಮಗಳ ಜಾಣತನವನ್ನೂ ಕಾಪಾಡಿಕೊಂಡು ಬಂದಿದ್ದಳು.

ಅವಳು ಹಳೆಯ ಸ್ಪ್ರೇಯನ್ನು ಕೈಗೆ ತೆಗೆದುಕೊಂಡಳು. ಬಾಯಿಡುವ ಕಡೆ ಪ್ಲಾಸ್ಟಿಕ್ ಕೊಳವೆ ಮಾಸಿ ಹಳದಿಯಾಗಿತ್ತು. ಒಂದು ಕಡೆ ಹಲ್ಲಿನ ಸಣ್ಣ ಗುರುತಿತ್ತು.

"ಹೇಗೆ ಎಳೀತಿದ್ಲು?" ಎಂದಳು.

"ಏನು?"

"ಅಮ್ಮ. ಹೇಗೆ ಎಳೀತಿದ್ಲು, ತೋರ್ಸು."

ತಂಗಿ ಬೇಡವೆನ್ನುವ ಹಾಗೆ ನೋಡಿದಳು. ಆಮೇಲೆ ಕೊಳವೆಯನ್ನು ತೆಗೆದುಕೊಂಡು ಮಂಚದ ಅಂಚಿಗೆ ಸರಿದು ಬೆನ್ನು ನೇರ ಮಾಡಿ ಕೂತಳು. ಎಡಗೈಯನ್ನು ಮೊಣಕಾಲ ಮೇಲೆ ಊರಿದಳು. ಕಣ್ಣು ಮುಚ್ಚಿದಳು. ಸ್ಪ್ರೇ ಒತ್ತಲಿಲ್ಲ, ಒತ್ತಿದ ಹಾಗೆ ಬೆರಳಾಡಿಸಿದಳು. ಭುಜಗಳು ಮೆಲ್ಲಗೆ ಮೇಲೇರಿದವು, ಕೊರಳಿನ ನರಗಳು ಬಿಗಿದವು, ಕಾಲಿನ ಹೆಬ್ಬೆರಳು ನೆಲವನ್ನು ಒತ್ತಿತು. ಅಮ್ಮ ಹೆಬ್ಬೆರಳನ್ನು ನೆಲಕ್ಕೆ ಒತ್ತುತ್ತಿದ್ದಳು ಎಂಬುದು ದೊಡ್ಡವಳಿಗೆ ಗೊತ್ತಿರಲಿಲ್ಲ. ಉಸಿರು ನಡುವೆ ಒಂದು ಸಲ ತಡವರಿಸಿ ಮತ್ತೆ ಸಾಗಿತು. ಹತ್ತು ಸೆಕೆಂಡು ಹಿಡಿಯಿತು. ದೊಡ್ಡವಳು ಎಲ್ಲೂ ಕಣ್ಣು ತಿರುಗಿಸದೆ ಅದು ಮುಗಿಯುವವರೆಗೂ ನೋಡಿದಳು.

ತಂಗಿ ಕಣ್ಣು ಬಿಟ್ಟಳು. ಇನ್ನೊಂದು ಸಲ ತೋರಿಸು ಎಂದಳು ದೊಡ್ಡವಳು.